ಯಾಂಗ್‌ಚಿನ್ ಮುಂದೆ ಕೂತವರ ಮೂರು ಕೆಲಸ

ಸಂಗೀತದವರ ನಡುವೆ ಒಂದು ಮಾತು ಓಡಾಡುತ್ತಿರುತ್ತದೆ. ಪಾಠ ಹೇಳೋಕೆ ಶುರು ಮಾಡಿದರೆ ಕೈ ಹೋಗತ್ತೆ ಅಂತ. ವೇದಿಕೆ ಮೇಲೆ ನುಡಿಸುವವರು ಬೇರೆ, ಮನೆಯಲ್ಲಿ ಪಾಠ ಹೇಳುವವರು ಬೇರೆ, ಸಂಗೀತದ ಬಗ್ಗೆ ಓದಿ ಬರೆಯುವವರು ಇನ್ನೂ ಬೇರೆ. ಇವರಲ್ಲಿ ಮೊದಲನೆಯವರಿಗೇ ಹಾರ, ಶಾಲು. ಉಳಿದವರು ಆ ಮಟ್ಟಕ್ಕೆ ಹೋಗಲಾಗದೆ ಇತ್ತ ಬಂದವರು ಅನ್ನೋ ಭಾವನೆ. ನಾನು ಸಂಜೆ ಹೊತ್ತು ಮಕ್ಕಳಿಗೆ ಕೊಳಲು ಹೇಳಿಕೊಡುತ್ತೇನೆ, ಹಾಗಾಗಿ ಈ ಮಾತು ನನ್ನ ಕಿವಿಗೆ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಅದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಆದರೆ ಯಾಕೆ ಸರಿಯಲ್ಲ ಅಂತ ಹೇಳೋಕೆ ನನ್ನ ಹತ್ತಿರ ಒಳ್ಳೆಯ ಉದಾಹರಣೆ ಇರಲಿಲ್ಲ. ಅದು ಸಿಕ್ಕಿದ್ದು ಚೀನಾದ ಯಾಂಗ್‌ಚಿನ್ ವಾದಕರ ಬದುಕಿನಲ್ಲಿ.

ಯಾಂಗ್‌ಚಿನ್ ಅಂದರೆ ನಮ್ಮ ಸಂತೂರಿನ ಸಂಬಂಧಿಕ. ಪಂಡಿತ್ ಶಿವಕುಮಾರ್ ಶರ್ಮಾ ಅವರನ್ನು ಕೇಳಿದವರಿಗೆ ವಾದ್ಯದ ಅಂದಾಜು ಬೇಗ ಸಿಗುತ್ತದೆ. ಮರದ ಪೆಟ್ಟಿಗೆ, ಅದರ ಮೇಲೆ ಅಡ್ಡಕ್ಕೆ ಎಳೆದ ತಂತಿಗಳ ಸಾಲು, ಎರಡು ಕಡ್ಡಿ ಹಿಡಿದು ಬಡಿಯುವುದು. ಇರಾನಿನ ಸಂತೂರ್, ಹಂಗರಿಯ ಸಿಂಬಲಮ್, ಥಾಯ್ಲೆಂಡಿನ ಖಿಮ್, ಕೊರಿಯಾದ ಯಾಂಗ್‌ಗಮ್ ಎಲ್ಲ ಒಂದೇ ವಂಶ. ಸಂತೂರನ್ನು ತೊಡೆ ಮೇಲೆ ಇಟ್ಟುಕೊಂಡು ಅಕ್ರೂಟ್ ಮರದ ಕಡ್ಡಿಯಲ್ಲಿ ನುಡಿಸುತ್ತಾರೆ. ಯಾಂಗ್‌ಚಿನ್ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಅದರ ಕಡ್ಡಿ ಬಿದಿರಿನದು. ತೆಳ್ಳಗೆ, ಉದ್ದಕ್ಕೆ, ಬಾಗಿದರೆ ಮತ್ತೆ ಚಿಮ್ಮುವಂಥದ್ದು.

ಆ ಕಡ್ಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಂತಿಗೆ ತಾಗುವ ತುದಿಯ ಒಂದು ಮಗ್ಗುಲಿಗೆ ರಬ್ಬರ್ ಹೊದಿಸಿರುತ್ತಾರೆ. ಇನ್ನೊಂದು ಮಗ್ಗುಲು ಬರೀ ಬಿದಿರು. ರಬ್ಬರ್ ಕಡೆಯಿಂದ ಹೊಡೆದರೆ ಮೆತ್ತಗಿನ ದುಂಡು ನಾದ. ಕಡ್ಡಿಯನ್ನು ಬೆರಳಲ್ಲೇ ತಿರುಗಿಸಿ ಬಿದಿರಿನ ಕಡೆಯಿಂದ ಹೊಡೆದರೆ ಚುರುಕು, ಒಣ, ಖಣಖಣ ಅನ್ನುವ ನಾದ. ಒಂದೇ ತಂತಿ, ಒಂದೇ ಕೈ, ಎರಡು ಬಣ್ಣ. ರಬ್ಬರ್ ಎಷ್ಟು ದಪ್ಪ ಇರಬೇಕು, ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ವಾದಕರು ತಾವೇ ಆರಿಸಿಕೊಳ್ಳುತ್ತಾರೆ. ಮಣಿಕಟ್ಟು ಸಡಿಲ ಬಿಟ್ಟು ಕಡ್ಡಿಯನ್ನು ತಂತಿಯ ಮೇಲೆ ಬೀಳಲು ಬಿಟ್ಟರೆ ಅದು ತಾನೇ ಪುಟಿಯುತ್ತದೆ. ಆ ಪುಟಿತವನ್ನು ಹಿಡಿತಕ್ಕೆ ತಂದುಕೊಂಡರೆ ಒಂದೇ ಬೀಸಿನಲ್ಲಿ ಸಣ್ಣ ಸಣ್ಣ ಪೆಟ್ಟುಗಳ ಒಂದು ನಡುಕ ಸಿಗುತ್ತದೆ. ಅದೂ ಒಂದು ತಂತ್ರವೇ. ಕಡ್ಡಿಯ ಹಿಂತುದಿಯಿಂದ ತಂತಿ ಮೀಟುವುದೂ ಇದೆ. ತುದಿಯಲ್ಲಿ ಎರಡು ತಲೆ ಇರುವ ಕಡ್ಡಿಗಳೂ ಇವೆ, ಎರಡು ಕೈ ಸೇರಿದರೆ ಒಟ್ಟಿಗೆ ನಾಲ್ಕು ಸ್ವರ.

ಈಗಿನ ಯಾಂಗ್‌ಚಿನ್‌ನಲ್ಲಿ ಸಾಮಾನ್ಯವಾಗಿ 144 ತಂತಿ. ಒಂದು ಸ್ವರಕ್ಕೆ ಒಂದೇ ತಂತಿ ಅಲ್ಲ. ಮೇಲಿನ ಸ್ಥಾಯಿಯಲ್ಲಿ ಒಂದೊಂದು ಸ್ವರಕ್ಕೆ ಐದು ತಂತಿಯವರೆಗೂ ಇರುತ್ತವೆ, ಅವೆಲ್ಲ ಒಂದೇ ಶ್ರುತಿಯಲ್ಲಿ ನಿಲ್ಲಬೇಕು. ತಂತಿಗಳು ಹಾದುಹೋಗುವ ಕುದುರೆಯ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಮರದ ಪಟ್ಟಿಯ, ಜಾಗದಲ್ಲಿ ಒಂದು ಚೆಂದದ ಲೆಕ್ಕ ಇದೆ. ಮೇಲಿನ ಸ್ಥಾಯಿಯ ಕುದುರೆ ತಂತಿಯನ್ನು 3:2ರ ಪ್ರಮಾಣದಲ್ಲಿ ಭಾಗ ಮಾಡುತ್ತದೆ. ಹಾಗಾಗಿ ಕುದುರೆಯ ಬಲಕ್ಕೆ ಹೊಡೆದರೆ ಷಡ್ಜ ಅಂದುಕೊಳ್ಳಿ, ಅದೇ ತಂತಿಯ ಎಡಕ್ಕೆ ಹೊಡೆದರೆ ಪಂಚಮ. ವಾದಕ ಒಂದು ಬದಿಯಲ್ಲಿ ಸ್ವರ ಹತ್ತುತ್ತ ಹೋಗಿ, ನಡುವೆ ಕುದುರೆ ದಾಟಿ ಆ ಬದಿಗೆ ಹಾರಬೇಕು. ನಮ್ಮ ಕೊಳಲಿನಲ್ಲೋ ಹಾರ್ಮೋನಿಯಂನಲ್ಲೋ ಸ್ವರಗಳು ಒಂದೇ ಸಾಲಲ್ಲಿ ಬರುತ್ತವೆ. ಇಲ್ಲಿ ಸರಳ ಆರೋಹಣಕ್ಕೂ ಕೈಗಳು ಅತ್ತಿತ್ತ ನೆಗೆಯಬೇಕು. ಕಣ್ಣು ಮುಚ್ಚಿದರೂ ಆ ನಕ್ಷೆ ಕೈಯಲ್ಲಿ ಕೂತಿರಬೇಕು. ವರ್ಷಗಟ್ಟಲೆ ಸಾಧನೆ ಹೋಗುವುದು ಇದಕ್ಕೇ.

ಇನ್ನು ವಾದ್ಯದ ಕಷ್ಟ. ಬಡಿದ ತಂತಿಯ ಸ್ವರವನ್ನು ಹಿಡಿದು ನಿಲ್ಲಿಸಲು ಬರುವುದಿಲ್ಲ. ಹುಟ್ಟಿದ ಗಳಿಗೆಯಿಂದಲೇ ಅದು ಕರಗುತ್ತದೆ. ಹಾಗಂತ ಬೇಕಾದಾಗ ಥಟ್ಟನೆ ನಿಲ್ಲುವುದೂ ಇಲ್ಲ. ಉಕ್ಕಿನ ತಂತಿಯ ಗುಂಗು ಉಳಿದು ಮುಂದಿನ ಸ್ವರದ ಜೊತೆ ಬೆರೆಯುತ್ತದೆ. ಮೊದಲನೆಯದಕ್ಕೆ ಉತ್ತರ, ಎರಡೂ ಕಡ್ಡಿಗಳನ್ನು ಬೇಗ ಬೇಗ ಬಡಿದು ಒಂದು ಉದ್ದ ಸ್ವರದ ಭಾಸ ಹುಟ್ಟಿಸುವುದು. ಎರಡನೆಯದಕ್ಕೆ ಉತ್ತರ, ಕಡ್ಡಿ ಹಿಡಿದ ಕೈಯ ಬೆರಳುಗಳಿಂದಲೇ ತಂತಿಯನ್ನು ಒತ್ತಿ ಅಡಗಿಸುವುದು. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬೇಕಾದರೆ ಬೆರಳಿಗೆ ಲೋಹದ ಉಂಗುರದಂಥದ್ದು ಹಾಕಿಕೊಂಡು ತಂತಿಯ ಮೇಲೆ ಜಾರಿಸುತ್ತಾರೆ. ಇವು ಒಂದೇ ಸಲಕ್ಕೆ ಬಂದವಲ್ಲ. ಒಂದೊಂದನ್ನೂ ಯಾರೋ ಒಬ್ಬರು ಹುಡುಕಿ, ನುಡಿಸಿ ತೋರಿಸಿ, ಶಿಷ್ಯರಿಗೆ ದಾಟಿಸಿದ್ದಾರೆ. ಯಾಂಗ್‌ಚಿನ್ ವಾದಕರಿಗೆ ನುಡಿಸುವುದರ ಜೊತೆಗೆ ಇನ್ನೆರಡು ಕೆಲಸ ಅಂಟಿಕೊಂಡದ್ದು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಶುರುವಾಗುತ್ತದೆ.

ಚೀನಾದಲ್ಲಿ ಗೂಚಿನ್ ಅನ್ನುವ ವಾದ್ಯಕ್ಕೆ ಸಾವಿರಾರು ವರ್ಷದ ಇತಿಹಾಸ ಇದೆ. ಅದನ್ನು ನುಡಿಸುವವರಿಗೆ ಹಳೆಯ ಕೈಬರಹದ ಸ್ವರಲಿಪಿಗಳಿವೆ, ಕವಿಗಳ ಮೆಚ್ಚುಗೆ ಇದೆ, ಚಿತ್ರಗಳಿವೆ. ತಂತಿ ಮೀಟುವ ಪೀಪಾ ಮಧ್ಯ ಏಷ್ಯಾದಿಂದ ಬಂದದ್ದಾದರೂ ಸಾವಿರ ವರ್ಷಕ್ಕೂ ಹಿಂದಿನ ಟಾಂಗ್ ರಾಜರ ಕಾಲಕ್ಕೇ ಆಸ್ಥಾನದಲ್ಲಿ ನೆಲೆ ಕಂಡಿತ್ತು. ಯಾಂಗ್‌ಚಿನ್ ಬಂದದ್ದು ತೀರಾ ತಡ. ಮಿಂಗ್ ರಾಜರ ಕೊನೆಗಾಲದಲ್ಲಿ, ಅಂದರೆ ಸುಮಾರು 400 ವರ್ಷದ ಹಿಂದೆ, ಪರ್ಷಿಯಾ ಕಡೆಯಿಂದ ಸಮುದ್ರದ ದಾರಿಯಲ್ಲಿ ದಕ್ಷಿಣದ ಗುವಾಂಗ್‌ಡಾಂಗ್ ಕರಾವಳಿಗೆ ಬಂತು ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. ಅಲ್ಲಿಂದ ಒಳನಾಡಿಗೆ ಹರಡಿತು. ಸೇರಿಕೊಂಡದ್ದು ಆಸ್ಥಾನಕ್ಕಲ್ಲ, ಜನರ ನಡುವೆ. ದಕ್ಷಿಣದ ಕ್ಯಾಂಟನೀಸ್ ಸಂಗೀತ, ಶಾಂಘೈ ಸುತ್ತಿನ ಜಿಯಾಂಗ್ನಾನ್ ಸೀಮೆಯ ಚಹಾ ಅಂಗಡಿ ಮೇಳ, ಸಿಚುವಾನಿನ ಕಥೆ ಹಾಡುವ ಕಲೆ, ಈಶಾನ್ಯದ ಬಯಲು ಸೀಮೆ. ಎಲ್ಲ ಕಡೆಯೂ ಪಕ್ಕವಾದ್ಯ. ಹಾಡಿನ ಹಿಂದೆ, ಪಿಟೀಲಿನಂಥ ಅರ್ಹು ಅಥವಾ ಕೊಳಲಿನ ಪಕ್ಕದಲ್ಲಿ ಕೂತು ಸಂದು ತುಂಬುವುದು ಅದರ ಕೆಲಸ. ಒಂಟಿಯಾಗಿ ನುಡಿಸಲು ಅದಕ್ಕೆ ತನ್ನದೇ ಕೃತಿಗಳು ಅಂತ ಬಹಳ ಕಾಲ ಇರಲಿಲ್ಲ.

ಮೊದಲು ದಾರಿ ಮಾಡಿದವರಲ್ಲಿ ಗುವಾಂಗ್‌ಡಾಂಗಿನ ಯಾನ್ ಲಾವ್‌ಲಿಯೆ ಒಬ್ಬರು. ಚಿಂಗ್ ರಾಜರ ಕೊನೆಗಾಲದವರು. ಎಲ್ಲರಿಗೂ ಗೊತ್ತಿದ್ದ ಹಳೆಯ ಮಟ್ಟುಗಳನ್ನು ತೆಗೆದುಕೊಂಡು ಯಾಂಗ್‌ಚಿನ್ ಕೈಗೆ ಹೊಂದುವಂತೆ ಬಿಚ್ಚಿ ಕಟ್ಟಿದರು. ನಿಧಾನದ ಸ್ವರಗಳ ನಡುವೆ ಸಣ್ಣ ಸ್ವರ ತುಂಬಿದರು, ಒಂದು ಸ್ಥಾಯಿಯಿಂದ ಇನ್ನೊಂದಕ್ಕೆ ನೆಗೆತ ಸೇರಿಸಿದರು. ಅವರ 'ಹಾನ್ ಟಿಯಾನ್ ಲೇ', ಬರಗಾಲದಲ್ಲಿ ಗುಡುಗು ಕೇಳಿದಾಗಿನ ಸಂತೋಷದ ಮಟ್ಟು, ಇವತ್ತಿಗೂ ಕಲಿಯುವ ಮಕ್ಕಳೆಲ್ಲ ನುಡಿಸುತ್ತಾರೆ. ಅದರಲ್ಲಿ ಕಡ್ಡಿಗಳು ಕೆಳಗೂ ಮೇಲೂ ಜಿಗಿಯುವ ಜಾಗ ಬಂದಾಗ ಗೊತ್ತಾಗುತ್ತದೆ, ಇದು ಅರ್ಹುವಿನಲ್ಲೋ ಕೊಳಲಿನಲ್ಲೋ ಹುಟ್ಟುವ ಯೋಚನೆ ಅಲ್ಲ. ಈ ವಾದ್ಯದ ಮುಂದೆ ಕೂತವರಿಗೆ ಮಾತ್ರ ಹೊಳೆಯುವಂಥದ್ದು. ನಂತರದ ತಲೆಮಾರಿನ ಛಿಯೂ ಹಚೌ ಹಾಂಗ್‌ಕಾಂಗ್‌ನಲ್ಲಿ ನುಡಿಸಿದರು, ಮಟ್ಟು ಕಟ್ಟಿದರು, ಜೊತೆಗೆ 20ನೇ ಶತಮಾನದ ಮೊದಲ ದಶಕಗಳಲ್ಲೇ ಕಲಿಯುವವರಿಗಾಗಿ ಪುಸ್ತಕ ಬರೆದರು. ವಿಶ್ವವಿದ್ಯಾಲಯ, ಪದವಿ ಯಾವುದೂ ಇಲ್ಲದ ಕಾಲ. ಆಗಲೇ ಒಬ್ಬನೇ ಮನುಷ್ಯ ಮೂರೂ ಕೆಲಸ ಮಾಡುತ್ತಿದ್ದ.

ನನಗೆ ತುಂಬ ಹತ್ತಿರವಾದ ಬದುಕು ಶಿಯಾಂಗ್ ಝೂಹುವಾ ಅವರದ್ದು. 1934ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. ಕಲಿತದ್ದು ರೆನ್ ಹ್ವೇಚು ಅವರ ಹತ್ತಿರ. ರೆನ್ ಜಿಯಾಂಗ್ನಾನ್ ಮೇಳದ ಹಿರಿಯ ಯಾಂಗ್‌ಚಿನ್ ವಾದಕರು. ಈ ಮೇಳದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಶಾಂಘೈನ ಚಹಾ ಅಂಗಡಿಗಳಲ್ಲಿ ಮೇಜಿನ ಸುತ್ತ ಕೂತು ನುಡಿಸುವ ಸಂಗೀತ ಅದು. ಕೇಳುವವರಿಗಾಗಿ ಅನ್ನುವುದಕ್ಕಿಂತ ನುಡಿಸುವವರ ಖುಷಿಗಾಗಿ. ಎಲ್ಲರೂ ಒಂದೇ ಮಟ್ಟನ್ನು ನುಡಿಸುತ್ತಾರೆ, ಆದರೆ ಯಾರೂ ಒಂದೇ ರೀತಿ ನುಡಿಸುವುದಿಲ್ಲ. ನೀನು ಬಿಡಿಸಿ ನುಡಿಸಿದರೆ ನಾನು ಸರಳವಾಗಿ ನುಡಿಸುತ್ತೇನೆ, ನಾನು ಬಿಡಿಸಿದರೆ ನೀನು ಸರಳ ಅನ್ನುವ ಒಪ್ಪಂದ. ಯಾಂಗ್‌ಚಿನ್ ಅಲ್ಲಿ ನಡುವೆ ಇರುತ್ತದೆ, ಎಲ್ಲರನ್ನೂ ಕೇಳಿಸಿಕೊಳ್ಳುತ್ತ. ಪಕ್ಕದವರ ಸ್ವರಕ್ಕೆ ಕಿವಿ ಕೊಟ್ಟು ತನ್ನ ಸ್ವರ ಆರಿಸಿಕೊಳ್ಳುವ ಅಭ್ಯಾಸ ಶಿಯಾಂಗ್ ಅವರಿಗೆ ಸಿಕ್ಕಿದ್ದು ಇಲ್ಲಿಂದ. ಮುಂದೆ ಅವರು ಬರೆದ ಕೃತಿಗಳಲ್ಲೂ ಅದು ಕೇಳುತ್ತದೆ ಅಂತ ನನಗನ್ನಿಸುತ್ತದೆ.

ಆಮೇಲೆ ಕಾಲ ಬದಲಾಯಿತು. 1949ರ ನಂತರ ಹೊಸ ಸರ್ಕಾರ ಸಂಗೀತ ಮಹಾವಿದ್ಯಾಲಯಗಳನ್ನು ಕಟ್ಟಿತು. ಬೀಜಿಂಗಿನ ಸೆಂಟ್ರಲ್ ಕನ್ಸರ್ವೇಟರಿ ದೊಡ್ಡದು. 1964ರಲ್ಲಿ ಚೀನೀ ಸಂಗೀತಕ್ಕಾಗಿಯೇ ಬೀಜಿಂಗಿನಲ್ಲಿ ಚೈನಾ ಕನ್ಸರ್ವೇಟರಿ ಶುರುವಾಯಿತು. ಅಲ್ಲಿವರೆಗೆ ಗುರುವಿನ ಪಕ್ಕ ಕೂತು, ಮೇಳದ ಜೊತೆ ನುಡಿಸುತ್ತ ಕಲಿಯುತ್ತಿದ್ದ ವಾದ್ಯಕ್ಕೆ ಈಗ ತರಗತಿ, ಪಠ್ಯ, ಪರೀಕ್ಷೆ, ವರ್ಷದ ಕೊನೆಗೆ ಒಂಟಿ ಕಛೇರಿ ಎಲ್ಲ ಬಂತು. ಪಿಯಾನೋ ವಿಭಾಗದವರಿಗೆ ಇದು ಕಷ್ಟವಲ್ಲ. ಅವರಿಗೆ ಯೂರೋಪಿನ ನೂರಾರು ವರ್ಷದ ಕೃತಿಗಳಿದ್ದವು, ಕೈ ಪಳಗಿಸುವ ಪುಸ್ತಕಗಳಿದ್ದವು. ಯಾಂಗ್‌ಚಿನ್ ಮೇಷ್ಟ್ರು ತರಗತಿಗೆ ಬಂದು ಏನನ್ನು ಕಲಿಸಬೇಕು? ಒಂದಷ್ಟು ಕ್ಯಾಂಟನೀಸ್ ಮಟ್ಟು, ಒಂದಷ್ಟು ಮೇಳದ ಮಟ್ಟು. ನಾಲ್ಕೈದು ವರ್ಷದ ಪದವಿಗೆ ಅಷ್ಟು ಸಾಲದು.

ಹಾಗಾಗಿ ಮೇಷ್ಟ್ರೇ ಕೃತಿ ಬರೆಯಬೇಕಾಯಿತು. ಕೃತಿ ಬರೆಯಲು ಊರೂರಿನ ಸಂಗೀತ ಹುಡುಕಬೇಕಾಯಿತು. ಹುಡುಕಿದ್ದನ್ನು ವಾದ್ಯಕ್ಕೆ ಹೊಂದಿಸಲು ಹೊಸ ತಂತ್ರ ಕಂಡುಹಿಡಿಯಬೇಕಾಯಿತು, ಅದನ್ನು ಮೊದಲು ತಾನೇ ವೇದಿಕೆ ಮೇಲೆ ನುಡಿಸಿ ತೋರಿಸಬೇಕಾಯಿತು. ಹೀಗೆ ಒಂದು ಇನ್ನೊಂದನ್ನು ಎಳೆದುಕೊಂಡು ಬಂತು. ಇಂಥ ಮೇಷ್ಟ್ರುಗಳಲ್ಲಿ ಒಬ್ಬರಾದ ಶಿಯಾಂಗ್ ಅವರ ಬದುಕನ್ನು ಓದುವಾಗ ಇಲ್ಲಿಗೆ ನುಡಿಸುವುದು ಮುಗಿಯಿತು, ಇಲ್ಲಿಂದ ಕಲಿಸುವುದು ಶುರು ಅಂತ ಗೆರೆ ಎಳೆಯಲು ಆಗುವುದಿಲ್ಲ.

ಅವರ 'ಲಿನ್ ಚೊಂಗ್ ಯೆ ಬೆನ್' ನೋಡಿ. 1960ರ ದಶಕದ ಕೃತಿ. ಲಿನ್ ಚೊಂಗ್ ಚೀನಾದ ಹಳೆಯ ವೀರಕಥೆಯೊಂದರ ಪಾತ್ರ. ರಾಜನ ಪಡೆಗೆ ಈಟಿ, ದೊಣ್ಣೆ ವರಸೆ ಕಲಿಸುವ ನಿಷ್ಠಾವಂತ. ಒಬ್ಬ ದೊಡ್ಡ ಅಧಿಕಾರಿಯ ದತ್ತುಮಗ ಇವನ ಹೆಂಡತಿಯ ಮೇಲೆ ಕಣ್ಣು ಹಾಕುತ್ತಾನೆ, ಅವನ ಕಡೆಯವರು ಸುಳ್ಳು ಆಪಾದನೆಯಲ್ಲಿ ಇವನನ್ನು ಸಿಕ್ಕಿಸಿ ಗಡೀಪಾರು ಮಾಡಿಸುತ್ತಾರೆ. ಅಲ್ಲೂ ಬಿಡದೆ ಇವನು ಕಾಯುತ್ತಿದ್ದ ಮೇವಿನ ಬಣವೆಗೆ ಬೆಂಕಿ ಇಡುತ್ತಾರೆ. ಆ ರಾತ್ರಿ ಹಿಮ ಸುರಿಯುತ್ತಿರುವಾಗ ಲಿನ್ ಚೊಂಗ್ ತನ್ನನ್ನು ಕೊಲ್ಲಲು ಬಂದವರನ್ನು ಕೊಂದು ಬೆಟ್ಟದ ಬಂಡಾಯಗಾರರ ಕಡೆ ಓಡುತ್ತಾನೆ. ಈ ಓಟದ ದೃಶ್ಯ ಕುನ್‌ಚು ಅನ್ನುವ ಹಳೆಯ ಸಂಗೀತ ನಾಟಕದ ರಂಗಭೂಮಿಯಲ್ಲಿ ಹೆಸರುವಾಸಿ. ನಟ ಒಬ್ಬನೇ, ಬಹಳ ಹೊತ್ತು, ಹಾಡುತ್ತಲೇ ಕುಣಿಯಬೇಕು. ಗಂಡು ಪಾತ್ರದವರು ಹೆದರುವುದು ಈ ದೃಶ್ಯಕ್ಕೆ ಅಂತ ಅಲ್ಲಿನ ರಂಗದವರಲ್ಲಿ ಗಾದೆಯೇ ಇದೆ.

ಶಿಯಾಂಗ್ ಕುನ್‌ಚುವಿನ ಧಾಟಿಯನ್ನು ಯಾಂಗ್‌ಚಿನ್‌ಗೆ ತಂದರು. ಸಿಟ್ಟು, ಓಟ, ಗಾಳಿ ಹಿಮ, ಕೊನೆಗೆ ಬೆಟ್ಟ ಹತ್ತುವುದು. ಇಷ್ಟಕ್ಕೂ ಅವರ ಕೈಯಲ್ಲಿದ್ದದ್ದು ಎರಡು ಬಿದಿರು ಕಡ್ಡಿ. ಕೆಳಗಿನ ಸ್ಥಾಯಿಯ ದಪ್ಪ ತಂತಿಗಳಲ್ಲಿ ಉರುಳುವ ಪೆಟ್ಟುಗಳು ಗಾಳಿಯಂತೆ ಏಳುತ್ತವೆ. ನಂತರ ಮೇಲಿನ ತಂತಿಗಳಲ್ಲಿ ಚುರುಕು ಪೆಟ್ಟುಗಳು. ಪಕ್ಕವಾದ್ಯವಾಗಿದ್ದಾಗ ಯಾಂಗ್‌ಚಿನ್‌ನಲ್ಲಿ ಬೇಕಾಗಿದ್ದದ್ದು ಹೊಳಪು, ಚುರುಕುತನ. ದುಃಖ ಹೇಳುವ ಕೆಲಸ ಅರ್ಹುವಿನದ್ದಾಗಿತ್ತು. ಈ ಕೃತಿಯಲ್ಲಿ ಅದೇ ವಾದ್ಯ ಒಬ್ಬ ಮನುಷ್ಯನ ಒಳಗಿನ ಕುದಿಯನ್ನು ಹೇಳುತ್ತದೆ. ನಾನು ಇದನ್ನು ಮೊದಲು ಕಥೆ ಗೊತ್ತಿಲ್ಲದೆ ಕೇಳಿದ್ದೆ, ಆಮೇಲೆ ಕಥೆ ಓದಿ ಕೇಳಿದೆ. ಎರಡು ಸಲವೂ ಹಿಡಿದು ಕೂರಿಸಿತು. ಕಥೆಯ ಆಸರೆ ಇಲ್ಲದೆಯೂ ನಿಲ್ಲುತ್ತದಲ್ವಾ, ಅದು ದೊಡ್ಡ ಮಾತು.

ಅವರ ಉಳಿದ ಕೃತಿಗಳಲ್ಲೂ ಇದೇ ಹುಡುಕಾಟ. ಸೂಚೌ ಕಡೆ ಕಥೆ ಹಾಡುವವರು ಆಟಕ್ಕೆ ಮುಂಚೆ ನುಡಿಸುತ್ತಿದ್ದ ಮಟ್ಟನ್ನು 'ಟಾನ್‌ಸಿ ಸಾನ್‌ಲಿಯು' ಆಗಿ ಕಟ್ಟಿದರು. ಅಲ್ಲಿ ತಂತಿ ಮೀಟುವ ವಾದ್ಯಗಳ ರುಚಿ ಬಡಿಯುವ ವಾದ್ಯಕ್ಕೆ ಬಂತು. 'ಝು ಲಿನ್ ಯೊಂಗ್ ಸುಯಿ' ಯುನ್ನಾನಿನ ದಾಯಿ ಜನರ ಸಂಗೀತದ ಬೇರಿನದ್ದು, ಬಿದಿರ ಮೆಳೆಯ ಹಸಿರಿನ ಚಿತ್ರ. ಒಬ್ಬ ವಾದಕ ತನ್ನ ಸೀಮೆಯ ಶೈಲಿಯನ್ನು ಮಾತ್ರ ಹಿಡಿದು ಕೂತಿದ್ದರೂ ಯಾರೂ ಕೇಳುತ್ತಿರಲಿಲ್ಲ. ಶಿಷ್ಯರಿಗೆ ಇಡೀ ದೇಶದ ಕಿವಿ ಕೊಡಬೇಕು ಅನ್ನುವ ಮೇಷ್ಟ್ರಿಗೆ ಅದು ಸಾಕಾಗಲಿಲ್ಲ.

ಕೃತಿ ಬಂದರೆ ಸಾಲದು, ವಾದ್ಯವೂ ಬದಲಾಗಬೇಕಿತ್ತು. ಹಳೆಯ ಯಾಂಗ್‌ಚಿನ್‌ಗೆ ಎರಡು ಕುದುರೆ, ಕಡಿಮೆ ಸ್ವರ. ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ತಂತಿ ಬಿಗಿ ಮಾಡುತ್ತ ಕೂರಬೇಕು. ದಕ್ಷಿಣದಲ್ಲಿ ಹಿತ್ತಾಳೆ ತಂತಿಯ ಕಾಲ ಮುಗಿದು ಉಕ್ಕಿನ ತಂತಿ ಬಂದದ್ದು ಮೊದಲ ದೊಡ್ಡ ಬದಲಾವಣೆ. 1950ರ ದಶಕದಿಂದ ಯಾಂಗ್ ಜಿಂಗ್‌ಮಿಂಗ್ ಕುದುರೆಗಳ ಸಂಖ್ಯೆ ಹೆಚ್ಚಿಸಿ, ಬೇಗ ಶ್ರುತಿ ಬದಲಿಸುವ ಏರ್ಪಾಡು ಕೂರಿಸುವ ಕೆಲಸಕ್ಕೆ ಕೈ ಹಾಕಿದರು. ಟಿಯಾನ್‌ಜಿನ್‌ನಲ್ಲಿ ಝೆಂಗ್ ಬಾವ್‌ಹೆಂಗ್, ಬೀಜಿಂಗಿನಲ್ಲಿ ಗ್ವೇ ಶೀಲಿ ತಮ್ಮದೇ ರೀತಿಯಲ್ಲಿ ದೊಡ್ಡ ವಾದ್ಯಗಳನ್ನು ರೂಪಿಸಿದರು. ಇವರು ಯಾರೂ ಬರೀ ಮರಗೆಲಸದವರಲ್ಲ, ವಾದಕರೇ. ಕೈಗೆ ಏನು ಸಿಗುತ್ತಿಲ್ಲ ಅನ್ನುವುದು ನುಡಿಸುವವನಿಗೆ ಗೊತ್ತಿರುತ್ತದೆ. ಇವತ್ತು ಎಡಬಲ ಬದಿಯಲ್ಲಿ ಕಾಣುವ ಸಣ್ಣ ಸಣ್ಣ ಲೋಹದ ಉರುಳೆಗಳು ಅವರ ಕೆಲಸದ ಗುರುತು. ಅವುಗಳನ್ನು ತುಸು ಸರಿಸಿದರೆ ಶ್ರುತಿ ನವಿರಾಗಿ ಸರಿಹೋಗುತ್ತದೆ. 144 ತಂತಿ ಬಿಗಿ ಮಾಡುವ ವಾದಕನಿಗೆ ಅದೆಷ್ಟು ದೊಡ್ಡ ಉಪಕಾರ! ಕಛೇರಿಯ ಸಭಾಂಗಣದಲ್ಲಿ ಎಲ್ಲರಿಗಿಂತ ಮುಂಚೆ ಬಂದು ತಂತಿ ತಂತಿಯನ್ನೂ ಪರೀಕ್ಷೆ ಮಾಡುವ ಕಷ್ಟ ಮಾತ್ರ ಇವತ್ತಿಗೂ ತಪ್ಪಿಲ್ಲ. ದೀಪದ ಬಿಸಿಗೆ, ಗಾಳಿಯ ತೇವಕ್ಕೆ ಶ್ರುತಿ ಜಾರುತ್ತದೆ.

1966ರಿಂದ ಹತ್ತು ವರ್ಷ ಸಾಂಸ್ಕೃತಿಕ ಕ್ರಾಂತಿ, ಹಳೆಯದನ್ನೆಲ್ಲ ಅಳಿಸಬೇಕು ಅಂತ ಮಾವೋ ಶುರು ಮಾಡಿದ ಚಳವಳಿ. ಕಾಲೇಜುಗಳಲ್ಲಿ ಎಂದಿನ ಪಾಠ ನಿಂತಿತು. ಹಳೆಯ ಕಥೆಗಳ ಸೇನಾಪತಿಗಳ ಬಗ್ಗೆ ನುಡಿಸುವ ಹಾಗಿರಲಿಲ್ಲ. ಚೈನಾ ಕನ್ಸರ್ವೇಟರಿ ಶುರುವಾಗಿ ಆಗಿನ್ನೂ ಎರಡೇ ವರ್ಷ. ಮುಂದೆ ಅದರ ಬಾಗಿಲೇ ಮುಚ್ಚಿ, ಮತ್ತೆ ತನ್ನ ಹೆಸರಿನಲ್ಲಿ ನಿಂತದ್ದು 1980ರಲ್ಲಿ. ಒಬ್ಬ ವಾದಕನ ಬದುಕಿನಲ್ಲಿ ಮೂವತ್ತರಿಂದ ನಲವತ್ತರ ವಯಸ್ಸು ಅಂದರೆ ಕೈಯಲ್ಲಿ ಕಸುವೂ ತಲೆಯಲ್ಲಿ ತಿಳಿವೂ ಒಟ್ಟಿಗೆ ಇರುವ ಕಾಲ. ಆ ತಲೆಮಾರಿನವರಿಗೆ ಆ ವರ್ಷಗಳೇ ಹೀಗೆ ಹೋದವು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1970ರ ದಶಕದ ಕೊನೆಗೆ ಪ್ರವೇಶ ಪರೀಕ್ಷೆ ಮತ್ತೆ ಶುರುವಾದಾಗ ಹಿರಿಯರು ಪಾಠಕ್ಕೆ ಕೂತ ರಭಸ ಅರ್ಥವಾಗುವುದು ಆಗಲೇ. ತಾವು ನುಡಿಸಲಾಗದೆ ಹೋದದ್ದನ್ನು ಮುಂದಿನವರ ಕೈಗೆ ದಾಟಿಸಬೇಕಿತ್ತು, ಬೇಗ.

ಸಂಶೋಧನೆ ಅನ್ನುವುದು ಇಲ್ಲಿಗೆ ಬಂದು ಸೇರುತ್ತದೆ. ಹಳೆಯ ಮಟ್ಟುಗಳು ಗೊಂಗ್‌ಚೆ ಅನ್ನುವ ಸ್ವರಲಿಪಿಯಲ್ಲಿವೆ. ಅದರಲ್ಲಿ ಇರುವುದು ಮಟ್ಟಿನ ಎಲುಬು ಮಾತ್ರ. ನಮ್ಮಲ್ಲಿ ಕೃತಿಯ ಸ್ವರ ಬರೆದಿಟ್ಟರೂ ಗಮಕ ಗುರುವಿನ ಬಾಯಲ್ಲೇ ಕೇಳಬೇಕಲ್ವಾ, ಅದೇ ಥರ. ಯಾವ ಸೀಮೆಯವರು ಆ ಎಲುಬಿಗೆ ಹೇಗೆ ಮೈ ತುಂಬುತ್ತಿದ್ದರು ಅನ್ನುವುದು ಮುದುಕರಾದ ವಾದಕರ ಕೈಯಲ್ಲಿ ಇತ್ತು, ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಇತ್ತು. ಅವರು ಹೋದರೆ ಅದೂ ಹೋಯಿತು. ಶಿಯಾಂಗ್ ಅವರಂಥವರು ಬೇರೆ ಬೇರೆ ಸೀಮೆಯ ಶೈಲಿಗಳ ಬಗ್ಗೆ, ವಾದ್ಯದ ಹುಟ್ಟಿನ ಬಗ್ಗೆ, ಪ್ರಪಂಚದ ಬೇರೆ ಕಡೆ ಇರುವ ಅದರ ಬಳಗದ ಬಗ್ಗೆ ಬರೆದರು. ಬರೆಯುವಾಗ ಅವರ ಮುಂದಿದ್ದ ಪ್ರಶ್ನೆ ಬಹಳ ಸರಳ ಅಂತ ನನಗೆ ತೋರುತ್ತದೆ. ನಾಳೆ ತರಗತಿಯಲ್ಲಿ ಈ ಮಟ್ಟನ್ನು ಹುಡುಗ ನುಡಿಸಿದಾಗ, ಇದು ಕ್ಯಾಂಟನೀಸ್ ರೀತಿಯಲ್ಲಿ ಬಂತೋ ಇಲ್ಲವೋ ಅಂತ ನಾನು ಹೇಗೆ ಹೇಳಲಿ? ಯಾವ ಕೈಗೆ ಗಟ್ಟಿ ಪೆಟ್ಟು ಕೊಡಬೇಕು, ಎಡಕ್ಕೋ ಬಲಕ್ಕೋ ಅನ್ನುವ ಬಗ್ಗೆಯೂ ಯಾಂಗ್‌ಚಿನ್ ಮೇಷ್ಟ್ರುಗಳಲ್ಲಿ ದೊಡ್ಡ ಚರ್ಚೆ ನಡೆದಿದೆ. ಹೊರಗಿನವರಿಗೆ ಇದು ಸಣ್ಣ ವಿಷಯ. ನುಡಿಸುವವರಿಗೆ ಗೊತ್ತು, ಕೈ ಬದಲಾದರೆ ತಾಳದ ಒತ್ತು ಬದಲಾಗುತ್ತದೆ, ಮಟ್ಟಿನ ಮುಖವೇ ಬದಲಾಗುತ್ತದೆ.

ನಂತರದ ತಲೆಮಾರಿನಲ್ಲಿ ನನ್ನ ಗಮನ ಸೆಳೆದವರು ಲಿಯು ಯುಯೆನಿಂಗ್. ಸೆಂಟ್ರಲ್ ಕನ್ಸರ್ವೇಟರಿಯಲ್ಲಿ ಪ್ರೊಫೆಸರ್. ಗ್ವೇ ಶೀಲಿ ಅವರ ಶಿಷ್ಯೆ. ಚೀನಾದೊಳಗಿನ ಶೈಲಿಗಳನ್ನು ಕಲಿತ ಮೇಲೆ ಇವರು ವಾದ್ಯದ ಬಳಗವನ್ನು ಹುಡುಕಿಕೊಂಡು ಹೊರಟರು. ಹಂಗರಿಗೆ ಹೋಗಿ ಸಿಂಬಲಮ್ ಅಭ್ಯಾಸ ಮಾಡಿದರು. 1870ರ ದಶಕದಲ್ಲಿ ಬುಡಾಪೆಸ್ಟಿನಲ್ಲಿ ಶುಂಡಾ ಅನ್ನುವ ವಾದ್ಯ ತಯಾರಕ ಸಿಂಬಲಮ್‌ಗೆ ಕಾಲಿನಿಂದ ಒತ್ತುವ ಪೆಡಲ್ ಕೂರಿಸಿ ಗುಂಗನ್ನು ಅಡಗಿಸುವ ದಾರಿ ಕಂಡುಕೊಂಡಿದ್ದ. ಯಾಂಗ್‌ಚಿನ್‌ನವರು ಬೆರಳಿನಿಂದ ಮಾಡುತ್ತಿದ್ದ ಕೆಲಸ ಅಲ್ಲಿ ಕಾಲಿಗೆ ಹೋಗಿತ್ತು. ಒಂದೇ ತೊಂದರೆಗೆ ಇನ್ನೊಂದು ಊರಿನವರು ಕೊಟ್ಟ ಬೇರೆ ಉತ್ತರ ಕಣ್ಣೆದುರು ಇರುವಾಗ ತನ್ನ ವಾದ್ಯ ಹೊಸದಾಗಿ ಕಾಣುತ್ತದೆ.

ಇವರು ಭಾರತಕ್ಕೂ ಬಂದು ಇಲ್ಲಿನ ಸಂಗೀತ, ಸಂತೂರ್ ಅಭ್ಯಾಸ ಮಾಡಿದ್ದಾರೆ. ನಮಗೆ ಇದು ಹತ್ತಿರದ ವಿಷಯ. ಯಾಕೆಂದರೆ ಸಂತೂರಿನ ಕಥೆಯೂ ಯಾಂಗ್‌ಚಿನ್ ಕಥೆಯೂ ಒಂದನ್ನೊಂದು ಹೋಲುತ್ತವೆ. ಕಾಶ್ಮೀರದ ಸೂಫಿಯಾನಾ ಹಾಡಿಕೆಯ ಜೊತೆಗಿದ್ದ ವಾದ್ಯವನ್ನು ರಾಗದ ಕಛೇರಿಗೆ ತರಬೇಕು ಅಂತ ಶಿವಕುಮಾರ್ ಶರ್ಮಾ ಹೊರಟಾಗ, ಇದರಲ್ಲಿ ಮೀಂಡ್ ಬರಲ್ಲ, ರಾಗ ಬರಲ್ಲ ಅಂದವರೇ ಜಾಸ್ತಿ. 1955ರಲ್ಲಿ ಮುಂಬೈಯಲ್ಲಿ ಮೊದಲ ದೊಡ್ಡ ಕಛೇರಿ ಆದಮೇಲೂ ಅವರು ವಾದ್ಯವನ್ನು ತಿದ್ದುತ್ತ ಹೋದರು. ಶ್ರುತಿ ಕೂಡಿಸುವ ರೀತಿ ಬದಲಿಸಿದರು, ಕಡ್ಡಿಯನ್ನು ತಂತಿಯ ಮೇಲೆ ಹಗುರಾಗಿ ಜಾರಿಸಿ ಸ್ವರವನ್ನು ಉದ್ದ ಮಾಡಿದರು. ಯಾಂಗ್‌ಚಿನ್‌ನವರು ಬಿದಿರಿನ ಚಿಮ್ಮುವಿಕೆಯಿಂದ ಪಡೆದದ್ದನ್ನು ಇವರು ಅಕ್ರೂಟ್ ಕಡ್ಡಿಯ ಜಾರಿಕೆಯಿಂದ ಪಡೆದರು. ಬೀಜಿಂಗಿನ ಪ್ರೊಫೆಸರೊಬ್ಬರು ವಿದ್ಯಾರ್ಥಿಯಾಗಿ ಬಂದು ಸಂತೂರಿನ ಮುಂದೆ ಕೂತರು ಅನ್ನುವುದು ನನಗೆ ತುಂಬ ಹಿಡಿಸಿದ ಸಂಗತಿ. ದೊಡ್ಡ ಹುದ್ದೆ, ತನ್ನದೇ ವಾದ್ಯದಲ್ಲಿ ಹೆಸರು ಎಲ್ಲ ಇದ್ದೂ ಮತ್ತೆ ಮೊದಲ ಪಾಠಕ್ಕೆ ಕೂರಲು ಮನಸ್ಸು ಬೇಕು.

2012ರಲ್ಲಿ ಕೋಪನ್‌ಹೇಗನ್ನಿನ ರಾಯಲ್ ಡ್ಯಾನಿಶ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಚೀನೀ ಸಂಗೀತಕ್ಕಾಗಿ ಒಂದು ಸಂಸ್ಥೆ ಶುರುವಾದಾಗ ಲಿಯು ಅದರ ಹೊಣೆ ಹೊತ್ತರು. ತಮ್ಮ ಶಿಷ್ಯೆಯರನ್ನು ಕೂಡಿಸಿ ಯಾಂಗ್‌ಚಿನ್‌ಗಳದ್ದೇ ಒಂದು ಮೇಳ ಕಟ್ಟಿದ್ದಾರೆ. 1991ರಲ್ಲಿ ಹಂಗರಿಯಲ್ಲಿ ಶುರುವಾದ ಸಿಂಬಲಮ್ ಬಳಗದ ಜಾಗತಿಕ ಸಮ್ಮೇಳನ 2005ರಲ್ಲಿ ಬೀಜಿಂಗಿಗೆ ಬಂದಿತ್ತು. ಬೇರೆ ಬೇರೆ ದೇಶದ, ಬೇರೆ ಬೇರೆ ಆಕಾರದ ಈ ವಾದ್ಯಗಳನ್ನು ಒಂದೇ ವೇದಿಕೆಯಲ್ಲಿ ಕೇಳುವ ಅವಕಾಶ ಸಂಗೀತ ಕಲಿಯುವವರಿಗೆ ಪುಸ್ತಕದಿಂದ ಸಿಗುವಂಥದ್ದಲ್ಲ.

ಎಲ್ಲವೂ ಸುಖವಾಗಿದೆ ಅಂತ ನಾನು ಹೇಳಲಾರೆ. ಕನ್ಸರ್ವೇಟರಿ ಬಂದಮೇಲೆ ಒಂದು ನಷ್ಟವೂ ಆಗಿದೆ. ಎಲ್ಲರೂ ಒಂದೇ ಮಾದರಿಯ ವಾದ್ಯ, ಒಂದೇ ಪಠ್ಯ, ಒಂದೇ ಗ್ರೇಡ್ ಪರೀಕ್ಷೆಯ ಮೂಲಕ ಬರುವುದರಿಂದ ಸೀಮೆ ಸೀಮೆಯ ದನಿ ಮಸುಕಾಗುತ್ತಿದೆ. ಸ್ಪರ್ಧೆಗಳಲ್ಲಿ ವೇಗಕ್ಕೆ ಬೆಲೆ. ಇತ್ತೀಚಿನ ಕೆಲವು ದೊಡ್ಡ ಕೃತಿಗಳನ್ನು ಕೇಳಿದರೆ ಕೈಚಳಕ ಬೆರಗು ಹುಟ್ಟಿಸುತ್ತದೆ, ಆದರೆ ಯಾವ ಊರಿನ ಸಂಗೀತ ಅಂತ ಕೇಳಿದರೆ ಹೇಳೋದು ಕಷ್ಟ. ಸಿಚುವಾನಿನಲ್ಲಿ ಕಥೆಗಾರರು ಹಾಡುತ್ತಲೇ ನುಡಿಸುತ್ತಿದ್ದಾಗ ವಾದ್ಯ ಮಾತಿನ ಏರಿಳಿತದ ಹಿಂದೆ ಹೋಗುತ್ತಿತ್ತು. ಹಾಡದೆ ಬರೀ ಕೈಯಿಂದ ಕಲಿತವರಿಗೆ ಆ ಏರಿಳಿತ ಎಲ್ಲಿಂದ ಬರಬೇಕು? ಇದನ್ನು ಸರಿಮಾಡಬಲ್ಲವರೂ ಮತ್ತೆ ಅದೇ ಮೇಷ್ಟ್ರುಗಳೇ. ಹಳ್ಳಿಗೆ ಹೋಗಿ ಕೇಳಿ ಬಂದು, ತರಗತಿಯಲ್ಲಿ ಮೊದಲು ಹಾಡಿಸಿ ಆಮೇಲೆ ಕಡ್ಡಿ ಕೊಡುವವರು. ನನ್ನ ಕೊಳಲಿನ ಮಕ್ಕಳಿಗೂ ನಾನು ಮೊದಲು ಹಾಡೋಕೆ ಹೇಳುತ್ತೇನೆ. ಅವರಿಗೆ ಬೇಜಾರು, ಬೇಗ ಊದಬೇಕು ಅಂತ ಆಸೆ. ಆದರೆ ಹಾಡಿದ ಸಾಲು ಊದುವಾಗ ಉಸಿರು ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಪಾಠ ಹೇಳಿದರೆ ಕೈ ಹೋಗತ್ತೆ ಅನ್ನುವವರಿಗೆ ನಾನು ಈಗ ಯಾನ್ ಲಾವ್‌ಲಿಯೆ ಮತ್ತು ಶಿಯಾಂಗ್ ಝೂಹುವಾ ಹೆಸರು ಹೇಳುತ್ತೇನೆ. ಕೇಳಿ ನೋಡುವ ಮನಸ್ಸಿದ್ದರೆ ಮೊದಲು 'ಹಾನ್ ಟಿಯಾನ್ ಲೇ' ಕೇಳಿ, ಮೂರು ನಿಮಿಷದೊಳಗಿನ ಸಣ್ಣ ಮಟ್ಟು. ಸಾಧ್ಯವಾದರೆ ಕ್ಯಾಂಟನೀಸ್ ಮೇಳದವರು ನುಡಿಸಿದ ಹಳೆಯ ಧ್ವನಿಮುದ್ರಣ ಹುಡುಕಿ, ಆಮೇಲೆ ಒಂಟಿ ವಾದನ. ನಂತರ 'ಟಾನ್‌ಸಿ ಸಾನ್‌ಲಿಯು'. ಅಲ್ಲಿ ಕಡ್ಡಿ ಪೆಟ್ಟಿನ ನಡುವೆ ತಂತಿ ಮೀಟಿದಂತೆ ಕೇಳುವ ಜಾಗಗಳಿಗೆ ಕಿವಿ ಕೊಡಿ. 'ಲಿನ್ ಚೊಂಗ್ ಯೆ ಬೆನ್' ಕೊನೆಗೆ ಇಟ್ಟುಕೊಳ್ಳಿ. ಮೊಬೈಲ್ ಸ್ಪೀಕರಿನಲ್ಲಿ ಬೇಡ, ಕೆಳಗಿನ ಸ್ಥಾಯಿ ಕೇಳುವುದೇ ಇಲ್ಲ. ಇಯರ್‌ಫೋನ್ ಹಾಕಿಕೊಳ್ಳಿ. ಕಥೆ ಈಗ ನಿಮಗೆ ಗೊತ್ತಿದೆ. ಹಿಮಗಾಳಿಯ ಭಾಗ ಬಂದಾಗ ವಾದಕರ ಎಡಗೈ ನೋಡಲು ಸಿಗುವ ವಿಡಿಯೋ ಆರಿಸಿಕೊಂಡರೆ ಇನ್ನೂ ಒಳ್ಳೆಯದು.